ಐದನೇ ಮೊಳೆಯ ಗ್ರಿಪ್ಪು

ನಮ್ಮ ಕ್ಯಾಂಪಸ್ಸಿನ ಜಿಮ್ನಾಸ್ಟಿಕ್ಸ್ ಹಾಲಿನಲ್ಲಿ, ಬಾರ್‌ಗಳ ಹಿಂದಿನ ಗೋಡೆಗೆ ಉದ್ದನೆಯ ಒಂದು ಮರದ ಪಟ್ಟಿ ಹೊಡೆದಿದ್ದರು. ಅದರಲ್ಲಿ ಎಂಟು ಮೊಳೆಗಳಿದ್ದವು. ಪ್ರತಿ ಮೊಳೆಯ ಮೇಲೆ ಬಿಳಿ ಟೇಪಿನ ತುಂಡು, ಅದರ ಮೇಲೆ ಬಾಲ್‌ಪೆನ್ನಿನಲ್ಲಿ ಬರೆದ ಅಂಕಿ. ಐದನೆಯದು ನನ್ನದು. ಅಭ್ಯಾಸ ಮುಗಿದ ಮೇಲೆ ನಾವು ಕೈಯ ಗ್ರಿಪ್ಪುಗಳನ್ನು ಅಲ್ಲಿ ನೇತುಹಾಕಿ ಹೋಗುತ್ತಿದ್ದೆವು. ಬೆವರು ಹೀರಿದ ಆ ಚರ್ಮದ ಪಟ್ಟಿಗಳನ್ನು ಚೀಲಕ್ಕೆ ತುರುಕಿದರೆ ಮುಗ್ಗಲು ಹಿಡಿಯುತ್ತದೆ. ಶನಿವಾರ ಮಾತ್ರ ಮನೆಗೆ ಒಯ್ದು, ಉಜ್ಜಿ, ಒಣಗಿಸಿ, ಸೋಮವಾರ ತಂದು ಮತ್ತೆ ಮೊಳೆಗೆ ಹಾಕುವುದು.

ಹಾಲಿನಲ್ಲಿ ಯಾವ ಕಪಾಟಿಗೂ ಬೀಗವಿರಲಿಲ್ಲ. ನೀರಿನ ಬಾಟಲಿ, ಹೇರ್‌ಪಿನ್ನು, ಟೇಪು, ಚಾಕ್ ಪುಡಿ, ಕೆಲವೊಮ್ಮೆ ಊಟದ ಡಬ್ಬಿ, ಎಲ್ಲವೂ ಎಲ್ಲರದು. ಕೇಳದೆ ತೆಗೆದುಕೊಂಡರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಇನ್ನೊಬ್ಬಳ ಮೊಳೆಗೆ ಮಾತ್ರ ಯಾರೂ ಕೈ ಹಾಕುತ್ತಿರಲಿಲ್ಲ.

ಗ್ರಿಪ್ಪು ನೋಡದವರಿಗೆ ಹೇಳಬೇಕು. ಅದು ಅಂಗೈಯನ್ನು ಮುಚ್ಚುವ ಒಂದು ಚರ್ಮದ ಪಟ್ಟಿ. ಮೇಲ್ತುದಿಯಲ್ಲಿ ಎರಡು ತೂತು, ನಡುಬೆರಳಿಗೂ ಉಂಗುರದ ಬೆರಳಿಗೂ. ತೂತಿನ ಕೆಳಗೆ ಚರ್ಮದೊಳಗೆ ಹೊಲಿದ ಪೆನ್ಸಿಲ್ ದಪ್ಪದ ಒಂದು ಕಡ್ಡಿ. ಬೆರಳು ಬಾರನ್ನು ಹಿಡಿದಾಗ ಆ ಕಡ್ಡಿ ಕೊಕ್ಕೆಯಂತೆ ಕೂರುತ್ತದೆ. ಕೆಳತುದಿಯಲ್ಲಿ ಮಣಿಕಟ್ಟಿಗೆ ಬಿಗಿಯುವ ಪಟ್ಟಿ, ಬಕಲ್ಲು. ಇದಿಲ್ಲದೆ ಬಾರ್ ಸುತ್ತಿದರೆ ಅಂಗೈಯ ಚರ್ಮ ಕಿತ್ತು ಬರುತ್ತದೆ. ಹೊಸ ಗ್ರಿಪ್ಪು ಹಾಕಿಕೊಂಡ ದಿನ ಕೈ ನಮ್ಮದೆನಿಸುವುದಿಲ್ಲ. ಮೂರು ನಾಲ್ಕು ವಾರ ದುಡಿದ ಮೇಲೆ ಚರ್ಮ ಬಾಗಿ ಒಬ್ಬಳ ಅಂಗೈಗೆ ಒಗ್ಗುತ್ತದೆ. ಒಗ್ಗುತ್ತ ಹಿಗ್ಗುತ್ತದೆ. ತೀರ ಹಿಗ್ಗಿತೆಂದರೆ ಸಡಿಲವಾದ ಚರ್ಮ ಬಾರ್ ಮೇಲೆ ಮಡಚಿಕೊಂಡು ಕಚ್ಚಿಬಿಡುತ್ತದೆ. ಕೈ ಅಲ್ಲೇ ಸಿಕ್ಕಿಕೊಳ್ಳುತ್ತದೆ, ಮೈ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಲಾಕ್ ಆಗುವುದು ಎನ್ನುತ್ತಾರೆ. ನಮ್ಮ ಕೋಚ್ ಮೇಡಂ ಅವರ ಎಡ ಮುಂಗೈ ಸ್ವಲ್ಪ ಸೊಟ್ಟಗಿತ್ತು. ಅದು ಹಾಗೆ ಲಾಕ್ ಆಗಿ ಮುರಿದ ಕೈ. ಅವರು ಅದರ ಬಗ್ಗೆ ಭಾಷಣ ಮಾಡಿದ್ದನ್ನು ನಾನು ಕೇಳಿಲ್ಲ. ಹೊಸ ಹುಡುಗಿ ಸೇರಿದ ದಿನ ತೋಳು ಮೇಲೆತ್ತಿ, ಹಿಂದೆ ಮುಂದೆ ತಿರುಗಿಸಿ ತೋರಿಸಿ, “ದೇಖಾ?” ಎಂದು ಕೇಳುತ್ತಿದ್ದರು, ಅಷ್ಟೇ.

ನನ್ನ ಗ್ರಿಪ್ಪು ಎಷ್ಟು ಹಿಗ್ಗಿದೆ ಎಂದು ನೋಡುವ ಕೆಲಸವನ್ನು ಅಪ್ಪ ತಾವಾಗಿಯೇ ವಹಿಸಿಕೊಂಡಿದ್ದರು. ನಮ್ಮವರು ಬಾಗಲಕೋಟೆ ಕಡೆಯವರು, ತಾತನ ಸರ್ಕಾರಿ ನೌಕರಿಯ ಕಾಲಕ್ಕೆ ಬಂದು ಈ ತೆಲುಗು ಊರಿನ ತಾರ್ನಾಕ ಬಡಾವಣೆಯಲ್ಲಿ ನೆಲೆ ನಿಂತವರು. ಅಪ್ಪ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರ್. ಅಂಗಡಿಗಳ ತಕ್ಕಡಿ, ತೂಕದ ಕಲ್ಲು, ಎಣ್ಣೆಯ ಅಳತೆ, ಬಟ್ಟೆಯಂಗಡಿಯ ಮೀಟರ್ ಕಡ್ಡಿ ಎಲ್ಲವೂ ಸರಿಯಿದೆಯೋ ಎಂದು ನೋಡುವುದು ಅವರ ಕೆಲಸ. ರಜೆಯ ದಿನವೂ ಆ ಕಣ್ಣು ಮುಚ್ಚುತ್ತಿರಲಿಲ್ಲ. ಅವರ ಜೊತೆ ತರಕಾರಿಗೆ ಹೋಗುವುದನ್ನು ಅವ್ವ ಬಿಟ್ಟೇಬಿಟ್ಟಿದ್ದಳು. “ಬದನಿಕಾಯಿ ತರಾಕ ಹೋದ್ರ ರೇಡಿಗೆ ಹೋದಂಗ ಆಕ್ಕೈತಿ. ಮಾರಾಕಿ ಹೆದರಿ ನಾಲ್ಕು ಹೆಚ್ಚಿಗಿ ಹಾಕ್ತಾಳ, ಇವ್ರು ಅದನ್ನೂ ತಗಸ್ತಾರ,” ಎನ್ನುತ್ತಿದ್ದಳು.

ಭಾನುವಾರ ಬೆಳಿಗ್ಗೆ ಚಹಾ ಆದ ಮೇಲೆ ಅಪ್ಪ ಗ್ರಿಪ್ಪುಗಳನ್ನು ಊಟದ ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಸ್ಟೀಲಿನ ಸ್ಕೇಲಿನಿಂದ ಕಡ್ಡಿಯಿಂದ ಬಕಲ್ಲಿನ ಹೊಲಿಗೆಯವರೆಗೆ ಅಳೆಯುತ್ತಿದ್ದರು. ಗ್ಯಾಸ್ ಸಿಲಿಂಡರ್ ಬಂದ ದಿನವನ್ನು ಅವ್ವ ಗುರುತು ಮಾಡುವ ಕ್ಯಾಲೆಂಡರಿನಲ್ಲೇ, ಭಾನುವಾರದ ಚೌಕದಲ್ಲಿ, ಎಡ ಬಲ ಎಂದು ಸಣ್ಣದಾಗಿ ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದರು. ವಾರಕ್ಕೆ ಅರ್ಧ ಮಿಲಿಮೀಟರ್, ಹೆಚ್ಚೆಂದರೆ ಒಂದು. ನಾನು ಡಿಗ್ರಿಯ ಎರಡನೇ ವರ್ಷದಲ್ಲಿದ್ದಾಗ, ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ ಅಪ್ಪ ಸ್ಕೇಲನ್ನು ಎತ್ತಿ ಮತ್ತೆ ಇಟ್ಟರು.

“ಎಡದ್ದು ಎರಡು ಮಿಲಿಮೀಟರ್ ಬೆಳದೈತಿ. ಬಲದ್ದೂ ಅಷ್ಟ,” ಅಂದರು. “ಒಂದ ವಾರದಾಗ. ಏನ್ ಮಾಡಾಕತ್ತಿ ನೀ? ಡಬಲ್ ಡ್ಯೂಟಿ?”

“ಇಲ್ಲಪ್ಪಾ. ಯಾವಾಗ್ಲೂ ಮಾಡಿದಷ್ಟ.”

“ಮತ್ತ ಯಾರ್ ಮಾಡಾಕತ್ತಾರ?”

“ನೀವ ತಪ್ಪು ಅಳದಿರಬೇಕು,” ಅಂದೆ.

ಅಡುಗೆಮನೆಯಿಂದ ಅವ್ವ ನಕ್ಕಿದ್ದು ಕೇಳಿಸಿತು. “ಅಯ್ಯ, ಯಾರಿಗಿ ಏನಂದಿ ಯವ್ವಾ! ಇನ್ನ ಇವತ್ತ ನಾಷ್ಟಾ ಮಾಡಂಗಿಲ್ಲ ಅವ್ರು.”

ಅಪ್ಪ ಮತ್ತೆ ಮೂರು ಸಲ ಅಳೆದರು. ಮೂರನೆಯ ಸಲ ಅಂಕಿಯನ್ನು ನನ್ನಿಂದಲೇ ಓದಿಸಿದರು. ಎರಡು ಮಿಲಿಮೀಟರ್.

ಅಲ್ಲಿಂದ ನಾನು ನೋಡಲು ಶುರು ಮಾಡಿದೆ. ಸೋಮವಾರ ಗ್ರಿಪ್ಪನ್ನು ಮೊಳೆಗೆ ಹಾಕುವಾಗ ಬಕಲ್ಲು ಒಳಮುಖವಾಗಿರುವಂತೆ ಹಾಕಿದೆ. ಮಂಗಳವಾರ ಬೆಳಿಗ್ಗೆ ಅದು ಹೊರಮುಖವಾಗಿತ್ತು. ಗುಡಿಸುವಾಗ ಯಾರೋ ತಗುಲಿಸಿರಬಹುದು ಎಂದುಕೊಂಡೆ. ಆದರೆ ಮಣಿಕಟ್ಟಿನ ಪಟ್ಟಿಯಲ್ಲಿ ನಾನು ಯಾವಾಗಲೂ ಮೂರನೇ ತೂತಿಗೆ ಬಿಗಿಯುತ್ತೇನೆ. ಆ ಚರ್ಮದ ಮೇಲೆ ಮೂರನೇ ತೂತಿನ ಹತ್ತಿರ ಒಂದು ಗೆರೆ ಬಿದ್ದಿತ್ತು, ಅದು ನನ್ನದು. ಈಗ ಎರಡನೇ ತೂತಿನ ಹತ್ತಿರ ಇನ್ನೊಂದು ತೆಳುವಾದ ಗೆರೆ ಕಾಣಿಸಿತು. ಗುಡಿಸುವವರು ಬಕಲ್ಲು ಹಾಕಿಕೊಳ್ಳುವುದಿಲ್ಲ.

ಗುರುವಾರ ಬೆಳಿಗ್ಗೆ ನನ್ನ ಮೊಳೆಗೆ ಇರುವೆ ಹತ್ತಿದ್ದವು. ಗೋಡೆಯ ಬಿರುಕಿನಿಂದ ಹೊರಟು, ಮರದ ಪಟ್ಟಿಯ ಮೇಲೆ ಸಾಗಿ, ಒಂದರಿಂದ ನಾಲ್ಕರವರೆಗಿನ ಮೊಳೆಗಳನ್ನು ಬಿಟ್ಟು, ನೇರವಾಗಿ ಐದಕ್ಕೆ ಇಳಿದಿದ್ದವು. ಬಾರ್ ಮೇಲೆ ಕೈ ಜಾರದಿರಲೆಂದು ಚಾಕ್ ಪುಡಿಯ ಕೆಳಗೆ ಒಂದು ಹನಿ ಜೇನುತುಪ್ಪ ಹಚ್ಚಿಕೊಳ್ಳುವ ಅಭ್ಯಾಸ ಕೆಲವರಿಗಿರುತ್ತದೆ. ನಾನು ಹಚ್ಚುವುದಿಲ್ಲ. ನಮ್ಮ ಗುಂಪಿನಲ್ಲಿ ಹಚ್ಚಿಕೊಳ್ಳುತ್ತಿದ್ದವಳು ಒಬ್ಬಳೇ.

ಅವಳು ಮೈಸೂರಿನವಳು. ಅವಳ ತಂದೆಗೆ ಐಟಿ ಕಂಪನಿಯಲ್ಲಿ ಕೆಲಸ, ಮನೆ ಮಿಯಾಪುರದ ಒಂದು ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ದಿನಾ ಮೆಟ್ರೋದಲ್ಲಿ ಊರಿನ ಈ ತುದಿಗೆ ಬರುತ್ತಿದ್ದಳು. ಹಾಲಿನಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಮೇಡಂ ಮುಂದೆಯೇ ಮೇಡಂ ಬಗ್ಗೆ ಮಾತಾಡಬಹುದಿತ್ತು. ಮಾತಾಡುತ್ತಿದ್ದವಳು ಅವಳು, ನಾನು ಕೇಳುತ್ತಿದ್ದೆ. “ಐತಿ ಅಂತೆ, ಐತಿ! ಇನ್ನೊಂದ್ಸಲ ಅನ್ನೇ, ಪ್ಲೀಸ್,” ಎಂದು ಕಾಡುತ್ತಿದ್ದಳು. “ನಾ ಅನ್ನಂಗಿಲ್ಲ,” ಎಂದರೆ ಅದಕ್ಕೂ ನಗುತ್ತಿದ್ದಳು. ಮೊದಲ ವರ್ಷದಲ್ಲೇ ಒಮ್ಮೆ ಇಬ್ಬರೂ ಅಂಗೈಗೆ ಅಂಗೈ ಒತ್ತಿ ನೋಡಿದ್ದೆವು. ಬೆರಳಿನ ತುದಿಯಿಂದ ಮಣಿಕಟ್ಟಿನವರೆಗೆ ಒಂದೇ ಅಳತೆ. ಗ್ರಿಪ್ಪಿನ ಸೈಜೂ ಒಂದೇ.

ಚಳಿಗಾಲದ ಅಂತರ ವಿಶ್ವವಿದ್ಯಾಲಯ ಪಂದ್ಯಕ್ಕೆ ತಂಡ ಆರಿಸುವುದಿತ್ತು. ಬಾರ್‌ಗೆ ಉಳಿದದ್ದು ಒಂದೇ ಜಾಗ. ಅದು ಅವಳಿಗೋ ನನಗೋ ಎಂಬುದು ಎಲ್ಲರಿಗೂ ಗೊತ್ತಿತ್ತು. ಅವಳು ನನಗಿಂತ ಚೆನ್ನಾಗಿ ಮಾಡುತ್ತಿದ್ದಳು. ನನ್ನದು ತಪ್ಪಿಲ್ಲದ ಕೆಲಸ, ಅವಳದು ನೋಡುವಂಥದ್ದು. ಇದು ನನಗೆ ಆಗಲೇ ತಿಳಿದಿತ್ತು, ಆದ್ದರಿಂದಲೇ ನನ್ನ ಅನುಮಾನ ನೇರ ದಾರಿ ಹಿಡಿಯಲಿಲ್ಲ. ನನ್ನ ಗ್ರಿಪ್ಪನ್ನು ಬಳಸುತ್ತಿದ್ದಾಳೆ ಎಂದಷ್ಟೇ ಅಂದುಕೊಂಡಿದ್ದರೆ ಒಂದು ಮಾತು ಕೇಳಿ ಮುಗಿಸಬಹುದಿತ್ತು. ಬೇಕೆಂದೇ ಎಳೆದು ಹಿಗ್ಗಿಸುತ್ತಿದ್ದಾಳೆ, ಆಯ್ಕೆಯ ದಿನ ನನ್ನ ಕೈ ಬಾರ್ ಮೇಲೆ ಸಿಕ್ಕಿಕೊಳ್ಳಲಿ ಎಂದು ಕಾಯುತ್ತಿದ್ದಾಳೆ ಎಂದು ನಾನು ಅಂದುಕೊಂಡೆ. ಒಂದು ಸಲ ಹಾಗೆ ಅಂದುಕೊಂಡ ಮೇಲೆ ಎಲ್ಲವೂ ಅದಕ್ಕೇ ಹೊಂದತೊಡಗಿತು. ಅವಳು ಬೆಳಿಗ್ಗೆ ಬಾರ್ ಬಿಟ್ಟು, ಸಮತೋಲ ಕಲಿಯುವ ಕಿರಿದಾದ ತೊಲೆ ಬೀಮ್ ಮೇಲೇ ಹೆಚ್ಚು ಹೊತ್ತು ಇರುತ್ತಿದ್ದದ್ದು. ಸಂಜೆ ಕ್ಲಾಸು ಮುಗಿಸಿ ಒಬ್ಬಳೇ ಹಾಲಿಗೆ ಬರುತ್ತಿದ್ದದ್ದು. “ಇವತ್ತು ನಿನ್ನ ಕೈ ಹೇಗಿದೆ?” ಎಂದು ಕೇಳುತ್ತಿದ್ದದ್ದು.

“ಛಲೋ ಐತಿ,” ಎನ್ನುತ್ತಿದ್ದೆ. ಅವಳು ನಗುತ್ತಿರಲಿಲ್ಲ. ಅದನ್ನೂ ನಾನು ಗಮನಿಸಿದೆ.

ಮನೆಯಲ್ಲಿ ಹೇಳಿದ್ದು ಅವ್ವನಿಗೆ ಮಾತ್ರ, ಅದೂ ಅರ್ಧ.

“ಕೇಳಬಾರದೇನ ಆಕಿನ್ನ?” ಅಂದಳು ಅವ್ವ, ರೊಟ್ಟಿ ಬಡಿಯುತ್ತಲೇ.

“ಸಾಕ್ಷಿ ಇಲ್ಲದ ಹೆಂಗ ಕೇಳಲಿ?”

“ಹೌದವ್ವಾ, ಸಾಕ್ಷಿ, ಪಂಚನಾಮಿ! ಮನಿ ಅನ್ನೋದು ಠಾಣೆ ಆಗೈತಿ ನಮ್ದು. ಅಪ್ಪ ದೊಡ್ಡ ಸಾಹೇಬ, ಮಗಳು ಸಣ್ಣ ಸಾಹೇಬ. ನಾ ಒಬ್ಬಾಕಿ ಕೈದಿ.”

ಅಪ್ಪನ ಕಬ್ಬಿಣದ ಪೆಟ್ಟಿಗೆಯಲ್ಲಿ ನನ್ನ ಹಳೆಯ ಗ್ರಿಪ್ಪಿನ ಜೋಡಿ ಇತ್ತು. ಬೇಸಿಗೆಯಲ್ಲಿ ಮೇಡಂ ಅದನ್ನು ನನ್ನ ಕೈಯಿಂದ ಬಿಚ್ಚಿಸಿ, “ಫೇಂಕ್ ದೋ ಇಸ್ಕೋ, ಆಜ್ ಹೀ,” ಎಂದು ಅವತ್ತೇ ಎಸೆಯಲು ಹೇಳಿದ್ದರು. ಹೊಸದಕ್ಕಿಂತ ಎಂಟು ಮಿಲಿಮೀಟರ್ ಉದ್ದವಾಗಿತ್ತು. ಅಪ್ಪನಿಗೆ ಎಸೆಯುವ ಅಭ್ಯಾಸವಿಲ್ಲ. ತಪ್ಪು ತೂಕದ ಕಲ್ಲನ್ನು ಬೇರೆ ಇಡುವಾಗ ಮಾಡುವಂತೆ ಒಂದು ರಟ್ಟಿನ ಚೀಟಿಗೆ ದಾರ ಪೋಣಿಸಿ, ಎರಡೂ ಗ್ರಿಪ್ಪುಗಳ ಬೆರಳಿನ ತೂತಿನೊಳಗೆ ಹಾಯಿಸಿ, ಗಂಟು ಹಾಕಿಟ್ಟಿದ್ದರು. ಚೀಟಿಯ ಮೇಲೆ ಅವರ ದುಂಡನೆಯ ಅಕ್ಷರದಲ್ಲಿ ‘ರದ್ದು’ ಎಂದಿತ್ತು.

ಆಯ್ಕೆಗೆ ಹತ್ತು ದಿನವಿರುವಾಗ, ಒಂದು ಬುಧವಾರ ಬೆಳಿಗ್ಗೆ, ನಾನು ಆ ಪೆಟ್ಟಿಗೆ ತೆಗೆದೆ. ಹೊಲಿಗೆ ಯಂತ್ರದ ಪಕ್ಕದಲ್ಲಿದ್ದ ಅವ್ವನ ಕತ್ತರಿಯಿಂದ ದಾರ ಕತ್ತರಿಸಿದೆ. ಚೀಟಿಯನ್ನು ನನ್ನ ಪರ್ಸಿನಲ್ಲಿಟ್ಟುಕೊಂಡೆ. ಅಭ್ಯಾಸ ಮುಗಿದ ಮೇಲೆ ನನ್ನ ಒಳ್ಳೆಯ ಜೋಡಿಯನ್ನು ಚೀಲದಲ್ಲಿ ಹಾಕಿಕೊಂಡು, ಹಳೆಯದಕ್ಕೆ ಚೆನ್ನಾಗಿ ಚಾಕ್ ಪುಡಿ ತಿಕ್ಕಿ, ಐದನೇ ಮೊಳೆಗೆ ನೇತುಹಾಕಿದೆ. ಪುಡಿ ಹತ್ತಿದ ಮೇಲೆ ಯಾವ ಗ್ರಿಪ್ಪೂ ಒಂದೇ ಥರ ಕಾಣುತ್ತದೆ.

ಹಾಕಿಕೊಂಡ ಕೂಡಲೇ ಅವಳಿಗೆ ತಿಳಿಯುತ್ತದೆ ಎಂದು ನಾನು ನನಗೆ ಹೇಳಿಕೊಂಡೆ. ತಿಳಿಯುತ್ತದೆ, ಸಿಕ್ಕಿಬಿದ್ದೆ ಎಂದು ನಾಚುತ್ತಾಳೆ, ಮೊಳೆಗೆ ವಾಪಸ್ ಹಾಕುತ್ತಾಳೆ, ಅಲ್ಲಿಗೆ ಮುಗಿಯಿತು. ಬಾರ್ ಹತ್ತುವ ಮಾತೇ ಇಲ್ಲ. ಆದರೆ ಬೇಸಿಗೆಯಲ್ಲಿ ಅದೇ ಜೋಡಿಯನ್ನು ನಾನು ಎರಡು ವಾರ ಹಾಕಿಕೊಂಡಿದ್ದೆ, ನನಗೆ ತಿಳಿದಿರಲಿಲ್ಲ. ಕಂಡುಹಿಡಿದದ್ದು ಮೇಡಂ. ಅದು ಆ ಬುಧವಾರವೂ ನನಗೆ ನೆನಪಿತ್ತು. ನೆನಪಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ಸಂಜೆ ಐದಕ್ಕೆ ಹಾಲಿಗೆ ಬಂದೆ. ಬಾಗಿಲ ಪಕ್ಕ ಒಂದರ ಮೇಲೊಂದು ಪೇರಿಸಿದ್ದ ಹಳೆಯ ಮ್ಯಾಟುಗಳ ಹಿಂದೆ, ಗ್ಯಾಲರಿಯ ಮೆಟ್ಟಿಲ ಮೇಲೆ ಕೂತೆ. ಅಲ್ಲಿಂದ ಬಾರ್ ಕಾಣುತ್ತದೆ, ಬಾರ್ ಹತ್ತಿರವಿರುವವರಿಗೆ ಮೆಟ್ಟಿಲು ಕಾಣುವುದಿಲ್ಲ. ಇದನ್ನು ಹಿಂದಿನ ದಿನವೇ ನೋಡಿಕೊಂಡಿದ್ದೆ. ಹಾಲಿನ ಆ ತುದಿಯಲ್ಲಿ ಮೇಡಂ ಶಾಲೆಯ ಪುಟ್ಟ ಹುಡುಗಿಯರನ್ನು ಬೀಮ್ ಮೇಲೆ ನಡೆಸುತ್ತಿದ್ದರು.

ಅವಳು ಬಂದಳು. ಸುತ್ತ ನೋಡಿದಳು. ನೇರವಾಗಿ ಐದನೇ ಮೊಳೆಗೆ ಹೋಗಿ ಗ್ರಿಪ್ಪು ತೆಗೆದಳು. ಆ ಕ್ಷಣ ನನಗಾದದ್ದು ಸಂತೋಷ. ಲೆಕ್ಕ ಬಿಡಿಸಿ, ಹಿಂದಿನ ಪುಟದ ಉತ್ತರಕ್ಕೆ ಹೋಲಿಸಿ, ಸರಿಯಾಗಿದೆ ಎಂದು ಕಂಡಾಗ ಆಗುವಂಥದ್ದು.

ಅವಳು ಗ್ರಿಪ್ಪಿಗೆ ನೀರು ಚಿಮುಕಿಸಿದಳು. ಪುಟ್ಟ ಬಾಟಲಿಯಿಂದ ಜೇನು ತೆಗೆದು ಬೆರಳಿನಿಂದ ಸವರಿದಳು. ಬಕಲ್ಲನ್ನು ಎಳೆದು ಬಿಗಿದಳು, ಎರಡನೇ ತೂತಿಗೆ. ಕೈ ಮುಷ್ಟಿ ಮಾಡಿ ಬಿಚ್ಚಿದಳು. ಇನ್ನೇನು ತಿಳಿಯುತ್ತದೆ ಎಂದು ಕಾದೆ. ಪುಡಿಯ ಡಬ್ಬಿಗೆ ಎರಡೂ ಕೈ ಅದ್ದಿ ತಟ್ಟಿದಳು, ಬಿಳಿ ಮೋಡ ಎದ್ದಿತು. ಕೂಗಬೇಕಾದದ್ದು ಆಗ. ಕೂಗಿದರೆ ನಾನು ಮ್ಯಾಟಿನ ಹಿಂದೆ ಅಡಗಿ ಕೂತದ್ದು ಗೊತ್ತಾಗುತ್ತಿತ್ತು. ಮೊದಲು ಸುಮ್ಮನೆ ತೂಗಾಡಿ ಮೈ ಬಿಸಿ ಮಾಡಿಕೊಳ್ಳುತ್ತಾಳೆ, ಅಷ್ಟರಲ್ಲಿ ಅವಳಿಗೇ ಅರಿವಾಗುತ್ತದೆ, ಇಳಿಯುತ್ತಾಳೆ ಎಂದುಕೊಂಡು ಸುಮ್ಮನಿದ್ದೆ. ಅವಳು ತೂಗಾಡಿದಳು. ಇಳಿಯಲಿಲ್ಲ. ಮೇಲಿನ ಬಾರ್ ಮೇಲೆ ತಲೆಕೆಳಗಾಗಿ ನೇರ ನಿಂತು ದೊಡ್ಡ ಸುತ್ತು ಬಿಟ್ಟಳು.

ಮೊದಲ ಸುತ್ತು ಸರಿಯಾಗಿಯೇ ಆಯಿತು. ಎರಡನೆಯದರಲ್ಲಿ, ಮೇಲೆ ಏರುವಾಗ, ಎಡಗೈ ಬಲಗೈಗಿಂತ ಒಂದಿಷ್ಟು ತಡವಾಗಿ ತಿರುಗಿದ್ದನ್ನು ಕಂಡೆ. ಚರ್ಮ ಕಿರ್ರೆಂದಿತು.

“ಇಳೀ!” ಎಂದು ಕೂಗಿದೆ. ಆ ಹಾಲಿನಲ್ಲಿ ನನ್ನ ದನಿ ಅಷ್ಟು ಜೋರಾಗಿ ಹಿಂದೆಂದೂ ಕೇಳಿರಲಿಲ್ಲ. “ಮೂರನೇದು ಬ್ಯಾಡ! ಇಳೀ!”

ಅವಳು ಸುತ್ತು ಮುರಿದು ವಾಪಸ್ ತೂಗಿ ಕೈ ಬಿಟ್ಟಳು. ಬಲಗೈ ಬಿಟ್ಟಿತು. ಎಡಗೈ ಒಂದು ಕ್ಷಣ ಬಾರ್ ಹಿಡಿದುಕೊಂಡೇ ಇತ್ತು, ಆಮೇಲೆ ಬಿಟ್ಟಿತು. ಮ್ಯಾಟ್ ಮೇಲೆ ಓರೆಯಾಗಿ ಬಿದ್ದಳು. ಮಣಿಕಟ್ಟನ್ನು ಹೊಟ್ಟೆಗೆ ಒತ್ತಿ ಹಿಡಿದು ಎದ್ದು ಕೂತಳು.

ನಾನು ಓಡಿಹೋದೆ. ಅವಳು ನನ್ನನ್ನು ನೋಡಿದ ಕೂಡಲೇ ಮುಖ ಕೆಂಪಾಯಿತು. ನೋವಿಗೆ ಮುಂಚೆ ಅವಳಿಗೆ ನಾಚಿಕೆಯಾಗಿತ್ತು.

“ಸಾರಿ ಕಣೇ,” ಅಂದಳು. “ಸಾರಿ. ನಂದು ತೂತಿನ ಹತ್ರ ಹರಿದೋಯ್ತು, ತಿಂಗಳಾಯ್ತು. ಹೊಸದು ಹಲಗೆ ಥರ ಇದೆ, ಬಗ್ಗೋದೇ ಇಲ್ಲ. ಬರೀ ಆಯ್ಕೆವರೆಗೂ ಅಂತ...”

“ಕೇಳಬಹುದಿತ್ತಲ್ಲ?”

“ನಿನ್ನನ್ನಾ?” ಅವಳಿಗೆ ಆ ನೋವಿನಲ್ಲೂ ನಗು ಬಂತು. “ನಿನ್ನ ಹತ್ರ ಪೆನ್ ಕೇಳೋಕೂ ಅರ್ಜಿ ಬರೀಬೇಕು. ಕೇಳಿದ್ರೆ ಕೊಡ್ತಿದ್ಯಾ?”

ಕೊಡುತ್ತಿರಲಿಲ್ಲ. ಅವಳು ಹಲ್ಲಿನಿಂದ ಬಕಲ್ಲು ಬಿಚ್ಚಿ ಎಡಗೈಯ ಗ್ರಿಪ್ಪು ಕಳಚಿದಳು. ಕಳಚುವಾಗ ಕಣ್ಣು ಅದರ ಮೇಲೆ ನಿಂತಿತು. ತಿರುಗಿಸಿದಳು. ಅಂಗೈ ಮೇಲೆ ಚಪ್ಪಟೆಯಾಗಿ ಇಟ್ಟು ನೋಡಿದಳು. ಕಡ್ಡಿ ಬೆರಳಿನ ಎರಡನೇ ಗೆಣ್ಣನ್ನು ದಾಟಿ ಮೇಲೆ ಹೋಗಿತ್ತು.

“ಇದು ನಿನ್ನ ಹಳೇದು,” ಅಂದಳು. “ಮೇಡಂ ಬಿಸಾಕು ಅಂದಿದ್ರಲ್ಲ, ಅದು.”

“ತಪ್ಪಿ ತಂದೆ,” ಅಂದೆ. “ಅವಸರದಾಗ. ಮರತು.”

ಅವಳು ನನ್ನನ್ನು ನೋಡಿದಳು. ಆಮೇಲೆ ಪೇರಿಸಿದ್ದ ಮ್ಯಾಟುಗಳ ಕಡೆ ನೋಡಿದಳು, ನಾನು ಎದ್ದು ಬಂದ ಜಾಗ. ಆಮೇಲೆ ಮತ್ತೆ ನನ್ನನ್ನು.

ಅಷ್ಟರಲ್ಲಿ ಮೇಡಂ ಬಂದಿದ್ದರು. “ಏಮೈಂದಮ್ಮಾ? ಕ್ಯಾ ಹುವಾ?”

“ಏನಿಲ್ಲ ಮೇಡಂ, ಕೈ ಜಾರಿತು,” ಎಂದು ಅವಳು ಹಿಂದಿಯಲ್ಲಿ ಹೇಳಿದಳು. ಹೇಳುತ್ತ ಕಳಚಿದ ಗ್ರಿಪ್ಪಿನ ಮೇಲೆ ಸರಿದು ಕೂತು, ಇನ್ನೊಂದು ಗ್ರಿಪ್ಪಿದ್ದ ಬಲಗೈಯನ್ನು ಬೆನ್ನ ಹಿಂದೆ ಇಟ್ಟಳು. ಮೇಡಂ ತಮ್ಮ ಸೊಟ್ಟ ಕೈಯಿಂದ ಅವಳ ಮಣಿಕಟ್ಟನ್ನು ಒತ್ತಿ ಒತ್ತಿ ನೋಡಿದರು. ಮುರಿದಿರಲಿಲ್ಲ, ಉಳುಕಿತ್ತು. ಡಾಕ್ಟರು ಮೂರು ವಾರ ಬಾರ್ ಮುಟ್ಟಬಾರದು ಎಂದರು. ಆಯ್ಕೆಗೆ ಇದ್ದದ್ದು ಹತ್ತು ದಿನ.

ಆ ಜಾಗ ನನಗೆ ಸಿಕ್ಕಿತು. ಪಂದ್ಯದಲ್ಲಿ ನಾನು ಎಲ್ಲೂ ತಪ್ಪು ಮಾಡಲಿಲ್ಲ, ಯಾವ ಸ್ಥಾನವೂ ಬರಲಿಲ್ಲ. ಭಾಗವಹಿಸಿದ್ದಕ್ಕೆ ಕೊಟ್ಟ ಕಾಗದ ಇನ್ನೂ ಇದೆ.

ಹಳೆಯ ಜೋಡಿ ನನಗೆ ಮತ್ತೆ ಸಿಗಲಿಲ್ಲ. ಅವಳು ಅದನ್ನು ಏನು ಮಾಡಿದಳೋ ಕೇಳುವ ಧೈರ್ಯವಾಗಲಿಲ್ಲ. ಮುಂದಿನ ಭಾನುವಾರ ಅಪ್ಪ ಏನೋ ಹುಡುಕಲು ಪೆಟ್ಟಿಗೆ ತೆಗೆದವರು ನನ್ನನ್ನು ಕರೆದರು.

“ರದ್ದು ಮಾಡಿದ್ದು ಎಲ್ಲಿ ಹೋತು?”

“ಒಗದೆ, ಅಪ್ಪಾ. ವಾಸನಿ ಬರ್ತಿತ್ತು.”

“ಚೀಟಿನೂ ಒಗದಿ?”

“ಹೂಂ.”

ಅಪ್ಪ ಪೆಟ್ಟಿಗೆಯ ತಳದಿಂದ ಒಂದು ಚೂರು ದಾರವನ್ನು ಎತ್ತಿ, ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಂಗಡಿಯವನು ಸುಳ್ಳು ಹೇಳುವಾಗಲೂ ಅವರು ಹೀಗೆಯೇ ಸುಮ್ಮನೆ ಇರುತ್ತಾರೆ ಎಂದು ಅವ್ವ ಹೇಳಿದ್ದು ಕೇಳಿದ್ದೆ. ಅವರು ಅದಾದ ಮೇಲೆ ಗ್ರಿಪ್ಪು ಅಳೆಯುವುದನ್ನು ಬಿಡಲಿಲ್ಲ. ಅಂಕಿಯನ್ನು ನನಗೆ ಓದಿ ಹೇಳುವುದನ್ನು ಮಾತ್ರ ಬಿಟ್ಟರು. ನಾನೇ ಹೋಗಿ ಕ್ಯಾಲೆಂಡರ್ ನೋಡಬೇಕಿತ್ತು.

ಅವಳು ಜನವರಿಯಲ್ಲಿ ಮತ್ತೆ ಬಾರ್ ಹತ್ತಿದಳು. ನನ್ನ ಜೊತೆ ಮಾತು ಬಿಟ್ಟಿರಲಿಲ್ಲ, ಜಗಳವೂ ಆಡಲಿಲ್ಲ. ಬದಲಾದದ್ದು ಒಂದೇ. ನಾನು ಟೇಪು ಕೊಟ್ಟರೆ ಅದರ ತುದಿಯನ್ನು ಎಳೆದು ನೋಡಿಯೇ ಸುತ್ತಿಕೊಳ್ಳುತ್ತಿದ್ದಳು. ನಾನು ಮ್ಯಾಟ್ ಸರಿಸಿದರೆ ಕಾಲಿನಿಂದ ಒತ್ತಿ ನೋಡುತ್ತಿದ್ದಳು. ನೀರು ಕೊಟ್ಟರೆ ಕುಡಿಯುತ್ತಿದ್ದಳು, ಆದರೆ ಬಾಟಲಿಯನ್ನು ಒಮ್ಮೆ ಎತ್ತಿ ನೋಡಿ. “ಐತಿ ಅನ್ನೇ” ಎಂದು ಮಾತ್ರ ಮತ್ತೆ ಕೇಳಲಿಲ್ಲ.

ಈಗ ಕೊಂಡಾಪುರದ ಒಂದು ಆಫೀಸಿನಲ್ಲಿ ನನಗೆ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮು ಎಲ್ಲಿ ಕೆಡುತ್ತದೆ ಎಂದು ಹುಡುಕುವುದು. ಈ ಕೆಲಸದಲ್ಲಿ ನಾನು ಒಳ್ಳೆಯವಳೆಂದು ಹೇಳುತ್ತಾರೆ. ಅವಳು ಮಿಯಾಪುರದಲ್ಲೇ ಪುಟ್ಟ ಹುಡುಗಿಯರಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತಾಳೆ. ಇಷ್ಟು ವರ್ಷ ಹಬ್ಬಕ್ಕೊಂದು ಮೆಸೇಜು, ಅಷ್ಟೇ ಇತ್ತು. ಕಳೆದ ತಿಂಗಳು ಅವಳೇ ಬರೆದಳು. ತನ್ನ ಹುಡುಗಿಯೊಬ್ಬಳಿಗೆ ಮೊದಲ ಗ್ರಿಪ್ಪು ಬೇಕಂತೆ, ಆ ಸೈಜು ಇಲ್ಲಿ ಸಿಗುತ್ತಿಲ್ಲವಂತೆ, ನನ್ನ ಆಫೀಸಿನವರು ಯಾರಾದರೂ ಹೊರದೇಶದಿಂದ ಬರುತ್ತಿದ್ದರೆ ತರಿಸಲಾದೀತೇ ಎಂದು.

ತರಿಸಿದೆ. ಡಬ್ಬಿಯನ್ನು ತೆರೆಯಲಿಲ್ಲ. ಅಪ್ಪ ಈಗ ನಿವೃತ್ತರು, ಮೇಜಿನ ಮೇಲೆ ಡಬ್ಬಿ ಕಂಡು ಸ್ಕೇಲು ತಂದೇಬಿಟ್ಟರು. “ಬ್ಯಾಡ ಅಪ್ಪಾ,” ಅಂದೆ. ಅವಳಿಗೆ ಕೊಡುವ ವಸ್ತುವನ್ನು ಈ ಒಂದು ಸಲ ಅಳೆಯದೆ, ಪರೀಕ್ಷಿಸದೆ ಕೊಡಬೇಕು ಎಂದು ನನಗೆ ಅನ್ನಿಸಿತ್ತು. ಅದು ಯಾಕೆ ಸರಿ ಎಂದು ತೋರಿತೋ ಈಗ ಹೇಳಲಾರೆ.

ಶನಿವಾರ ಮಧ್ಯಾಹ್ನ ಮಿಯಾಪುರ ಮೆಟ್ರೋ ಕೆಳಗಿನ ಚಹಾದಂಗಡಿಯಲ್ಲಿ ಕೂತೆವು. ಅವಳು ಸ್ವಲ್ಪ ದಪ್ಪಗಾಗಿದ್ದಳು, ಕೂದಲು ಚಿಕ್ಕದು ಮಾಡಿಸಿದ್ದಳು. ಎಡ ಮಣಿಕಟ್ಟನ್ನು ಮಾತಿನ ನಡುವೆ ತಿರುಗಿಸುತ್ತಿದ್ದಳು. “ಚಳಿಗಾಲದಲ್ಲಿ ಹಿಡ್ಕೊಳ್ಳತ್ತೆ,” ಎಂದಳು, ನಾನು ನೋಡಿದ್ದನ್ನು ಕಂಡು.

ಮಾತಿನಲ್ಲಿ ಹೇಳುವುದು ನನ್ನಿಂದ ಆಗಲಿಲ್ಲ. ಪರ್ಸು ತೆಗೆದು ಆ ರಟ್ಟಿನ ಚೀಟಿಯನ್ನು ಮೇಜಿನ ಮೇಲೆ, ಎರಡು ಲೋಟಗಳ ನಡುವೆ ಇಟ್ಟೆ. ಪರ್ಸು ಮೂರು ಸಲ ಬದಲಾಗಿದೆ, ಚೀಟಿ ಪ್ರತಿ ಸಲವೂ ಒಂದರಿಂದ ಇನ್ನೊಂದಕ್ಕೆ ಹೋಗಿದೆ. ಅದರ ತೂತಿನಲ್ಲಿ ಬೆರಳುದ್ದ ದಾರ ಇನ್ನೂ ಇತ್ತು.

ಅವಳು ಓದಿದಳು. “ಯಾರ ಅಕ್ಷರ?”

“ಅಪ್ಪಂದು. ಹಳೇ ಜೋಡಿಗೆ ಕಟ್ಟಿದ್ರು. ನಾ ಅದನ್ನ ಮರತು ತಂದದ್ದಲ್ಲ ಅವತ್ತ.”

“ಅದು ಗೊತ್ತಿತ್ತು ಕಣೇ. ಮ್ಯಾಟ್ ಹಿಂದೆ ಯಾರಾದ್ರೂ ಮರೆತು ಕೂತ್ಕೊತಾರಾ?” ಅವಳು ದಾರದ ತುದಿಯನ್ನು ಎರಡು ಬೆರಳ ನಡುವೆ ಹಿಡಿದಳು. “ಆದ್ರೆ ದಾರ ಇತ್ತು ಅಂತ ಗೊತ್ತಿರ್ಲಿಲ್ಲ. ಕತ್ತರಿ ತಗೊಂಡು ಕತ್ತರಿಸಿದೀಯ.”

“ಹೌದು.”

“ಬೀಳಲಿ ಅಂತಾನಾ?”

“ನೀನು ನನ್ನ ಗ್ರಿಪ್ಪು ಕೆಡಿಸಾಕತ್ತಿ, ನಾ ಬೀಳಲಿ ಅಂತ, ಹಂಗ ಅಂದ್ಕೊಂಡಿದ್ದೆ. ನೀ ಬೀಳಲಿ ಅಂತ ಅಲ್ಲ. ನಿನಗ ಗೊತ್ತಾಗ್ತೈತಿ ಅಂತ... ಆದ್ರ ಗೊತ್ತಾಗದನೂ ಇರಬಹುದು ಅಂತ ನನಗ ಗೊತ್ತಿತ್ತು.”

ಮೇಲೆ ಒಂದು ರೈಲು ಬಂದು ನಿಂತಿತು, ಜನ ಇಳಿದರು, ಹೊರಟಿತು. ಅವಳು ಚಹಾ ಮುಗಿಸಿದಳು. ಚೀಟಿಯನ್ನು ನನ್ನ ಕಡೆ ಸರಿಸಲಿಲ್ಲ, ತನ್ನ ಚೀಲದ ಹೊರಗಿನ ಜೇಬಿಗೆ ಹಾಕಿಕೊಂಡಳು. ಅದೇ ಜೇಬಿನಿಂದ ಆರಿಂಚಿನ ಒಂದು ಸ್ಟೀಲ್ ಸ್ಕೇಲು ತೆಗೆದಳು. ನಾನು ತಂದಿದ್ದ ಡಬ್ಬಿ ತೆರೆದು, ಹೊಸ ಗ್ರಿಪ್ಪುಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹಾಸಿ, ಕಡ್ಡಿಯಿಂದ ಹೊಲಿಗೆಯವರೆಗೆ ಅಳೆದಳು. ಮೊದಲು ಬಲದ್ದು. ಆಮೇಲೆ ಎಡದ್ದು. ಎಡದ್ದನ್ನು ಮತ್ತೊಮ್ಮೆ.

“ಎಡಗೈದು ಎರಡು ಮಿಲಿಮೀಟರ್ ಉದ್ದ ಇದೆ,” ಅಂದಳು. “ಹೊಲಿಯುವಾಗಲೇ ತಪ್ಪಾಗಿದೆ. ಮಗು ಕೈಗೆ ಇದನ್ನ ಹಾಕಲ್ಲ ನಾನು. ಅಳೀಲಿಲ್ವಾ ನೀನು?”

“ಇಲ್ಲ.”

“ನೀನು?” ಅವಳು ನಿಜವಾಗಿ ಆಶ್ಚರ್ಯಪಟ್ಟಿದ್ದಳು. ಸ್ಕೇಲನ್ನು ನನ್ನ ಕಡೆ ತಳ್ಳಿದಳು. “ನೋಡು.”

ನಾನು ಅಳೆದೆ. ಎರಡು ಮಿಲಿಮೀಟರ್.

“ಹೌದು, ಐತಿ,” ಅಂದೆ.

ಅವಳು ನಗಲಿಲ್ಲ, ಆದರೆ ನಗುವಿಗೆ ಮೊದಲು ಅವಳ ಬಾಯಿಯ ಒಂದು ಬದಿ ಹೇಗೆ ಎಳೆಯುತ್ತಿತ್ತೋ ಹಾಗೆ ಎಳೆಯಿತು. ಗ್ರಿಪ್ಪುಗಳನ್ನು ಡಬ್ಬಿಗೆ ಹಾಕಿ ನನಗೆ ವಾಪಸ್ ಕೊಟ್ಟಳು. ಬದಲಿಸಿ ತರಲು ಎಷ್ಟು ದಿನ ಬೇಕು ಎಂದು ಕೇಳಿದಳು. ಎರಡು ವಾರ ಎಂದೆ. ಆ ಹುಡುಗಿಗೆ ಅಲ್ಲಿಯವರೆಗೆ ಬಾರ್ ಕೊಡುವುದಿಲ್ಲ ಎಂದಳು. “ಮುಂದಿನ ಸಲ ಅಳೆದು ತಾ,” ಎಂದು ಸೇರಿಸಿದಳು. “ಆದ್ರೂ ನಾನು ಅಳೀತೀನಿ.”